ಕಾಲುಚೀಲದ ಕಮಾನು

ಫೋನ್ ಬಂದಾಗ ನಾನು ಬಾತ್‌ರೂಮಿನ ಗಾಜಿಗೆ ವಿನೆಗರ್ ಹಚ್ಚಿ ಉಜ್ಜುತ್ತಿದ್ದೆ. ಇಲ್ಲಿಯ ನೀರು ಕಂಡಲ್ಲೆಲ್ಲ ಸುಣ್ಣದ ಕಲೆ ಬಿಡುತ್ತದೆ. ವಿನೆಗರಿನ ಘಾಟು ಮೂಗಿಗೇರಿತ್ತು, ಕಣ್ಣಲ್ಲಿ ನೀರು. ಆ ಕಡೆಯಿಂದ ನಮ್ಮ ಮನೆಯವರು, “ಎಲ್ಲಿದೀ? ಮೊದಲು ಕುಂದ್ರು, ಆಮ್ಯಾಲೆ ಹೇಳ್ತೀನಿ” ಎಂದರು. ಕೂರಲು ಏನೂ ಇರಲಿಲ್ಲ. ಬಕೆಟ್ ಬೋರಲು ಹಾಕಿ ಕುಳಿತೆ.

ಹಾಗೆ ಕುಳಿತದ್ದೇಕೆಂದು ನಿಮಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವರು ಇಂಜಿನಿಯರು. ವಾಸ್ತುಶಿಲ್ಪ ಓದುವ ಮಕ್ಕಳಿಗೆ ಕಟ್ಟಡ ಬೀಳದೆ ನಿಲ್ಲುವುದು ಹೇಗೆ ಎಂದು ಕಲಿಸುವ ಕೆಲಸಕ್ಕೆ ಒಂದು ವರ್ಷದ ಮಟ್ಟಿಗೆ ಸೇರಿದ್ದರು. ವಿಜಯಪುರದಿಂದ ಬಂದು ಡೀಮೆನ್ ಎಂಬ ಈ ಪರದೇಶದ ಊರಿನ ಚಿಕ್ಕ ಫ್ಲ್ಯಾಟಿನಲ್ಲಿ ನಾವಿರುವುದು ಆ ಕೆಲಸದಿಂದ. ಅದು ಹೋದರೆ ವೀಸಾ ಹೋಗುತ್ತದೆ. ಮುಂದುವರಿಸುತ್ತಾರೋ ಇಲ್ಲವೋ ಎಂಬ ತೀರ್ಮಾನ ಆ ದಿನವೇ ಆಗುವುದಿತ್ತು.

ಮೊದಲ ತಿಂಗಳುಗಳು ಚೆನ್ನಾಗಿರಲಿಲ್ಲ. ಒಂದು ಸಂಜೆ ಬಂದು ರೊಟ್ಟಿ ಮುರಿದು ಹಾಗೇ ಇಟ್ಟರು.

“ನಾ ಹೇಳೂದು ಹುಡುಗರಿಗೆ ಒಂದೂ ತಿಳಿಯೂದಿಲ್ಲಂತ. ಮಾರಿ ಮ್ಯಾಲೇ ಹೇಳಿದ್ರು.”

“ಬೈದ್ರೇನ್ರಿ?”

“ಬೈದಿದ್ರ ಚಲೋ ಇತ್ತು. ನಕ್ಕೋತ ಹೇಳಿದ್ರು.”

ನನಗೆ ಆ ಮಕ್ಕಳ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅವರು ಚಿತ್ರ ಬರೆಯುವ ಮಕ್ಕಳು. ಇವರು ಬೋರ್ಡಿನ ತುಂಬ ಲೆಕ್ಕ ತುಂಬುವವರು. ವಿಭಾಗದ ಮುಖ್ಯಸ್ಥೆ ಇವರನ್ನು ಕರೆದು, ಹೀಗೇ ಆದರೆ ಬರುವ ವರ್ಷ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರಂತೆ. ನನ್ನ ಕೈಯಲ್ಲಿದ್ದದ್ದು ದುವಾ ಒಂದೇ. ಐದು ಹೊತ್ತೂ ಕೇಳಿದೆ. ಕೊಡುವವನಿಗೆ ನನ್ನ ರಾಗ ಕೇಳಿ ಬೇಸರ ಬಂದಿರಬಹುದು.

ರಂಜಾನ್ ಬಂತು. ಇವರು ನಾಲ್ಕು ಜನ ವಿದ್ಯಾರ್ಥಿಗಳನ್ನು ಇಫ್ತಾರಿಗೆ ಕರೆದರು. ಅತಿಥಿಗಳು ಬರುತ್ತಾರೆಂದು ಬೆಳಿಗ್ಗೆಯೇ ನೆಲ ಒರೆಸಿ, ಪಾಲಿಶ್ ಹಾಕಿ, ಮುಖ ಕಾಣುವಂತೆ ಮಾಡಿದ್ದೆ. ಮಕ್ಕಳು ನಮ್ಮ ಮನೆಯ ಪದ್ಧತಿಯಂತೆ ಬಾಗಿಲಲ್ಲೇ ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಬಂದರು. ಖರ್ಜೂರ, ಪಕೋಡ, ಹಲೀಮು ಎಲ್ಲ ಮುಗಿಯಿತು. ಚಹಾಕ್ಕೆ ನೀರಿಟ್ಟು ಬರುವಷ್ಟರಲ್ಲಿ ಇವರು ಪಾಠ ಶುರುಮಾಡಿದ್ದರು! ಹುಬ್ಬಳ್ಳಿಯ ಪವಿತ್ರಾ, ಇಲ್ಲಿಯದೇ ಹುಡುಗಿ ಸಾನ್ನೆ, ಇಬ್ಬರೂ ಎದುರುಬದುರು ನಿಂತು, ತಲೆಯ ಮೇಲೆ ಅಂಗೈಗೆ ಅಂಗೈ ಒತ್ತಿ, ಕಾಲು ಹಿಂದೆ ಸರಿಸಿ ಕಮಾನಿನಂತೆ ಬಾಗಿದ್ದರು. ತರಗತಿಯಲ್ಲಿ ಇದನ್ನೇ ಮಾಡಿಸಿದ್ದರಂತೆ. ಅಲ್ಲಿ ಬೂಟಿನ ರಬ್ಬರು ನೆಲ ಕಚ್ಚಿ ಹಿಡಿದು, ಕಮಾನು ಸುಮ್ಮನೆ ನಿಂತುಬಿಟ್ಟಿತ್ತು; ಯಾರಿಗೂ ಏನೂ ಅನಿಸಿರಲಿಲ್ಲ.

ಇಲ್ಲಿ ಹಾಗಾಗಲಿಲ್ಲ.

“ಅಯ್ಯಯ್ಯೋ ಆಂಟಿ, ಕಾಲ್ ಜಾರಾಕತ್ತಾವ! ಏನ್ ಹಚ್ಚೀರಿ ನೆಲಕ್ಕ?”

ಇವರು ಸೋಫಾ ನೂಕಿ ಪವಿತ್ರಾಳ ಕಾಲ ಹಿಂದೆ ತಂದಿಟ್ಟರು. ಸಾನ್ನೆ ಜಾರುತ್ತಲೇ ಇದ್ದಳು. ಇವರು ನನ್ನನ್ನು ಕೂಗಿದರು.

“ಲಗೂನ ಬಾ ಇಲ್ಲೆ! ಗ್ವಾಡಿಗೆ ಕಾಲು ಕೊಟ್ಟು ಕುಂದ್ರು, ಆಕಿ ಹಿಮ್ಮಡಕ್ಕ ಬೆನ್ನ ಹಚ್ಚು.”

“ರೀ, ಚಹಾ ಉಕ್ಕತೈತಿ!”

“ಉಕ್ಕಲಿ!”

ಐವತ್ತು ದಾಟಿದ ಹೆಂಗಸು ಸೆರಗು ಸರಿಮಾಡಿಕೊಂಡು, ಗೋಡೆಗೆ ಕಾಲು ಕೊಟ್ಟು, ಯಾರದೋ ಮಗಳ ಹಿಮ್ಮಡಿಗೆ ಬೆನ್ನು ಕೊಟ್ಟು ಕುಳಿತ ಆ ಚಂದವನ್ನು ನೀವು ನೋಡದ್ದೇ ಒಳ್ಳೆಯದು. ಆದರೆ ಜಾರುವುದು ನಿಂತಿತು. ಮೇಲೆ ಇಬ್ಬರ ಕೈ ಗಟ್ಟಿಯಾದವು. ನನ್ನ ಬೆನ್ನಿಗೆ ಆ ಹುಡುಗಿಯ ಭಾರ ಅಡ್ಡಕ್ಕೆ ಒತ್ತುವುದು ಚೆನ್ನಾಗಿ ತಿಳಿಯುತ್ತಿತ್ತು.

ಸಾನ್ನೆ ಬಾಗಿದಲ್ಲಿಂದಲೇ ಇಂಗ್ಲಿಷಿನಲ್ಲಿ ಕೂಗಿದಳು: ಕಮಾನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ಒದೆಯುತ್ತದೆ! ಇದನ್ನು ನೀವು ನಮಗೆ ಮೊದಲೇ ಯಾಕೆ ಹೇಳಲಿಲ್ಲ?

“ಹೇಳಿದ್ದೆ,” ಎಂದರು ಇವರು ಮೆಲ್ಲಗೆ. “ಬೋರ್ಡ್ ಮೇಲೆ. ಮೂರು ವಾರ.”

ಎಲ್ಲರೂ ನಕ್ಕರು. ಇವರೂ ನಕ್ಕರು, ಎಷ್ಟೋ ತಿಂಗಳ ಮೇಲೆ. ಚಹಾ ಅರ್ಧ ಉಕ್ಕಿತ್ತು, ಅರ್ಧ ಉಳಿದಿತ್ತು. ಯಾರ ಮೂಳೆಯೂ ಮುರಿಯಲಿಲ್ಲ. ದೇವರು ದೊಡ್ಡವನು.

ಈದ್ ಕಳೆದ ಮೇಲೆ ಮುಖ್ಯಸ್ಥೆ ತರಗತಿ ನೋಡಲು ಬಂದರಂತೆ. ಇವರು ಬೋರ್ಡಿನ ಕಡೆ ಹೋಗಲೇ ಇಲ್ಲ. “ಎಲ್ಲರೂ ಬೂಟು ಬಿಚ್ಚಿ” ಎಂದು ಕಾಲುಚೀಲದಲ್ಲೇ ಕಮಾನು ಕಟ್ಟಿಸಿದರಂತೆ. ಆಕೆಯೂ ಬಿಚ್ಚಿದರು. ಆಕೆಯ ಒಂದು ಕಾಲುಚೀಲದಲ್ಲಿ ತೂತು ಇತ್ತೆಂದು ಪವಿತ್ರಾ ನನಗೆ ಬಂದು ಹೇಳಿದಳು. ನನಗೇಕೋ ಅಂದಿನಿಂದ ಆ ಹೆಂಗಸಿನ ಮೇಲಿನ ಭಯ ಹೋಯಿತು. ಆದರೂ ತೀರ್ಮಾನ ಆಕೆಯದೇ ಅಲ್ಲವೇ?

ಬಕೆಟ್ಟಿನ ಮೇಲೆ ಕುಳಿತು, “ಕುಂತೀನ್ರಿ, ಹೇಳ್ರಿ” ಎಂದೆ.

“ಇಟ್ಕೊಂಡ್ರು. ಎರಡು ವರ್ಷಕ್ಕ.”

“ಎರಡೇನ?”

“ಎರಡೇನ ಅಂದ್ರ? ನಿನಗ ಎಷ್ಟ ಬೇಕಾಗಿತ್ತು?”

“ಅಲ್ಹಮ್ದುಲಿಲ್ಲಾ, ಸಾಕ್ರಿ. ಭಾಳ ಆತು.” ಅವರು “ಮನಿಗೆ ಬಂದು ಹೇಳ್ತೀನಿ” ಎಂದು ಫೋನ್ ಇಟ್ಟರು.

ಕೈ ತೊಳೆದು, ನಮಾಜಿಗೆ ವಜೂ ಮಾಡಿ, ಕೃತಜ್ಞತೆಯ ಎರಡು ರಕಾತ್ ಶುಕ್ರಾನಾ ನಮಾಜು ಓದಿದೆ. ಆಮೇಲೆ ಕಪಾಟಿನ ಮೇಲಿನ ಅರೆಯಿಂದ ಪರದೆಯ ಬಟ್ಟೆ ಇಳಿಸಿದೆ. ಇಲ್ಲಿಗೆ ಬಂದ ಹೊಸದರಲ್ಲಿ ಕೊಂಡದ್ದು. ನಾಳೆ ಯಾವ ಊರಿನ ಕಿಟಕಿಗೆ ಬೇಕಾದೀತೋ ಎಂದು ಇಡೀ ಥಾನು ಹಾಗೇ ಮಡಿಚಿಟ್ಟು, ಕಿಟಕಿಗೆ ಹಳೆಯ ಬೆಡ್‌ಶೀಟ್ ಪಿನ್ನು ಹಾಕಿಕೊಂಡು ದಿನ ತಳ್ಳಿದ್ದೆ. ಕುರ್ಚಿ ಹತ್ತಿ ಈ ಕಿಟಕಿಯ ಅಳತೆ ತೆಗೆದೆ. ಬಟ್ಟೆಯನ್ನು ನೆಲದ ಮೇಲೆ ಹರಡಿ, ಬಿಸ್ಮಿಲ್ಲಾ ಎಂದು ಕತ್ತರಿ ಹಾಕಿದೆ.