ಉಪ್ಪಿಲ್ಲದ ಮೀನಿನ ಸಾರು

ಆಕೆಯ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿ ಬೆಳೆದು ಕಪ್ಪಾಗಿತ್ತು. ಬೆಂದ ಮೀನಿನ ಬೆನ್ನಿಗೆ ಅದನ್ನು ತೂರಿಸಿ ಎಳೆದರೆ ನಡುಮುಳ್ಳು ಇಡಿಯಾಗಿ ಹೊರಬರುತ್ತಿತ್ತು. ಟಿ. ನರಸೀಪುರದಿಂದ ಮೀನಿನ ಬುಟ್ಟಿಯೊಡನೆ ಬೆಳಗಿನ ಬಸ್ಸಿನಲ್ಲಿ ನಂಜನಗೂಡಿಗೆ ಬರುತ್ತಿದ್ದ ಆಕೆ ನಮ್ಮ ಬೀದಿಗೆ ಮೊದಲು ಕಾಲಿಟ್ಟದ್ದು 1996ರಲ್ಲೆಂದು ನನ್ನ ನೆನಪು. ನಾನು ಬರೆದಿಟ್ಟ ದಿನಚರಿ 1997 ಎನ್ನುತ್ತದೆ. ದಿನಚರಿಯನ್ನೇ ನಂಬುತ್ತೇನೆ.

ಆಗ ನನ್ನ ಬೆಕ್ಕಿಗೆ ಹನ್ನೆರಡು ವರ್ಷ. ಹಲ್ಲುಗಳು ಉದುರಿದ್ದವು. ಮುದಿ ಪ್ರಾಣಿಗೆ ಹಾಲು, ಮೊಸರನ್ನವೇ ಹಿತವೆಂದು ನಂಬಿ ನಾನದನ್ನು ಸೊರಗಿಸುತ್ತಿದ್ದೆ. ಆಕೆ ಅದರ ಬೆನ್ನು ಸವರಿ, "ಓದ್ದೋರಾಗಿ ಇದನ್ನ ಉಪಾಸ ಕೆಡವಿದ್ದೀರಲ್ಲ ಸಾ" ಎಂದರು. ಸಣ್ಣ ಮೀನನ್ನು ಉಪ್ಪು, ಈರುಳ್ಳಿ ಸೋಕಿಸದೆ ಬೇಯಿಸಿ, ಮುಳ್ಳು ತೆಗೆದು, ಅದರದೇ ನೀರಿನಲ್ಲಿ ಕಿವುಚಿ, ಬೆಚ್ಚಗಿರುವಾಗಲೇ ಇಡಬೇಕು. ಆರಿದರೆ ಮುದಿ ಮೂಗಿಗೆ ವಾಸನೆ ತಲುಪದು. ಒಮ್ಮೆಗೇ ಸುರಿಯದೆ ದಿನಕ್ಕೆ ನಾಲ್ಕು ಸಲ ಚೂರುಚೂರೇ ಕೊಡಬೇಕು ಎಂದು ಕಲಿಸಿದರು. ತಿಂಗಳೊಳಗೆ ಬೆಕ್ಕು ಮತ್ತೆ ಕಿಟಕಿ ಏರಿತು.

ವಾಸನೆ ನಾನು ಬಾಡಿಗೆಗಿದ್ದ ಮನೆಯ, ಮೀನು ಮಾಂಸ ಮುಟ್ಟದ ಮಾಲೀಕರ ಮೂಗಿಗೂ ತಲುಪಿತು. ಅವರು ಬೆಕ್ಕಿನ ತಟ್ಟೆಯನ್ನು ಬೀದಿಗೆ ಎಸೆದರು; ಮೀನಿನಾಕೆ ಇತ್ತ ಸುಳಿಯಕೂಡದೆಂದರು. ನಾನು ಮೈಸೂರಿಗೆ ಹೋಗಿದ್ದ ದಿನ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಬಸ್ಸು ಹತ್ತಿದರು. ಹೊಳೆ ದಾಟಿಸಿ ಬಿಟ್ಟ ಬೆಕ್ಕು ದಾರಿ ಮರೆಯುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಆದರೆ ನರಸೀಪುರದಲ್ಲಿ ಹೊಳೆ ದಾಟಿ ಅವರು ಚೀಲ ಬಿಚ್ಚಿದ್ದು ಆಕೆಯ ಬೀದಿಯಲ್ಲೇ. ಹರಿದ ಎಡಗಿವಿಯಿಂದ ಆಕೆ ಅದನ್ನು ಗುರುತಿಸಿ ನನಗೆ ಸುದ್ದಿ ಕಳಿಸಿದರು. ನಾನು ತರಲು ಹೋದರೆ, ಆ ಮನೆಗೆ ಮತ್ತೆ ಕಳಿಸುವುದಿಲ್ಲವೆಂದು ತಮ್ಮಲ್ಲೇ ಇಟ್ಟುಕೊಂಡರು.

1999ರಲ್ಲಿ ಮಾಲೀಕರಿಗೆ ಹೊಟ್ಟೆಯ ಆಪರೇಷನ್ ಆಯಿತು. ಉಪ್ಪಿಲ್ಲದ ಮೀನಿನ ತಿಳಿಸಾರು ಕುಡಿಯಲು ವೈದ್ಯರು ಹೇಳಿದರು. ಯಾರಿಗೂ ತಿಳಿಯದಂತೆ ತರಿಸಿಕೊಡಿ ಎಂದು ಮಾಲೀಕರು ನನ್ನನ್ನೇ ಬೇಡಿದರು. ಆಕೆ ತಕ್ಷಣ ಒಪ್ಪಿದ್ದು ನನಗೆ ಅಚ್ಚರಿ. ವಾರಕ್ಕೆರಡು ಸಲ ಹಿತ್ತಲ ಬಾಗಿಲಿಗೆ ಸ್ಟೀಲ್ ಡಬ್ಬಿ ಬರತೊಡಗಿತು.

ಒಂದು ಬೆಳಿಗ್ಗೆ ಬೆಕ್ಕನ್ನು ನೋಡಲು ನರಸೀಪುರಕ್ಕೆ ಹೋದೆ. ಮೊದಲು ಬೆಕ್ಕು ಉಂಡಿತು. ಅದರ ತಟ್ಟೆಯಲ್ಲಿ ಉಳಿದದ್ದನ್ನು ಆಕೆ ಪಾತ್ರೆಗೆ ಸುರಿದು, ಚೆನ್ನಾಗಿ ಕುದಿಸಿ, ಸೋಸಿ ಡಬ್ಬಿಗೆ ತುಂಬಿದರು.

"ಇದು ಮುಟ್ಟಿದ ತಟ್ಟೆ ಬೀದಿಗೆ ಎಸುದ್ರಲ್ಲ ಸಾ. ಈಗ ಇದು ಉಂಡ್ ಬುಟ್ಟದ್ದು ಕುಡೀಲಿ. ಅವ್ರು ಉಸಾರಾಗಗಂಟ ಇದ್ನ ಅವ್ರಿಗೆ ಏಳ್ಬ್ಯಾಡಿ. ಆಮ್ಯಾಕೆ ನೀವೇ ಏಳ್ಬೇಕು."

ಬೆಕ್ಕು ಸತ್ತ ವಾರವೇ ಸಾರು ನಿಂತಿತು. ಅಷ್ಟರಲ್ಲಿ ಮಾಲೀಕರು ಗಟ್ಟಿಮುಟ್ಟಾಗಿದ್ದರು. ಬಾಡಿಗೆಯವನಾದ ನಾನು ಹೇಳಲು ಅಂಜಿ ವರ್ಷಗಳನ್ನು ತಳ್ಳಿದೆ. ಸಿಕ್ಕಾಗಲೆಲ್ಲ ಆಕೆ ಒಂದೇ ಕೇಳುತ್ತಿದ್ದರು: "ಏಳಿದ್ರಾ ಸಾ?"

2006ರಲ್ಲಿ ಆಕೆ ತೀರಿಕೊಂಡರು. ಮಣ್ಣಿಗೆ ಹೋಗಿ ಮರಳಿದವನೇ ದಿನಚರಿಗಳನ್ನೆತ್ತಿಕೊಂಡು ಮಾಲೀಕರ ಜಗುಲಿ ಹತ್ತಿದೆ. ಅವರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಯಾರು ಉಂಡು ಬಿಟ್ಟ ಸಾರು ಎಂಬುದನ್ನು ಹೇಳಿದೆ. ಅನಂತರ ಡಬ್ಬಿ ಬಂದ ದಿನಾಂಕಗಳನ್ನು ಒಂದೊಂದಾಗಿ ಓದಿದೆ. ಮೂರನೆಯದಕ್ಕೆ ಅವರು ಅಗಿಯುವುದನ್ನು ನಿಲ್ಲಿಸಿದರು. ನಾನು ಓದುವುದನ್ನು ನಿಲ್ಲಿಸಲಿಲ್ಲ.