ಮೊಟ್ಟೆ ಹೊತ್ತ ಕಪ್ಪೆಯನ್ನು ನೋಡಲು ಹೋದದ್ದು

೧೯೯೭ರ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾವು ಮೂವರು ಹೌನ್ಸ್ಲೋದಲ್ಲಿ ಅಕ್ಸ್‌ಬ್ರಿಡ್ಜಿನ ಕೆಂಪು ಬಸ್ಸು ಹತ್ತಿದೆವು. ಮೂವರೆಂದರೆ ನಾನು, ನಿಮ್ಮ ಸುಮಿತ್ರತ್ತೆಯ ಮಗಳಾದ ನನ್ನ ಮೊಮ್ಮಗಳು ಅನಘಾ, ಮತ್ತು ಅವಳ ಇನ್ನೊಬ್ಬ ಅಜ್ಜಿ, ಅಂದರೆ ನನ್ನ ಬೀಗಿತ್ತಿ, ಧಾರವಾಡದ ಗಂಗಕ್ಕ. ಸುಮಿತ್ರಳಿಗೂ ಅಳಿಯಂದಿರಿಗೂ ಅಂದು ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಹಾಗಾಗಿ ಇಂಗ್ಲಿಷ್ ಬಾರದ ನಮ್ಮಿಬ್ಬರನ್ನು ಒಂಬತ್ತು ವರ್ಷದ ಹುಡುಗಿಯೇ ಕರೆದುಕೊಂಡು ಹೊರಟಿದ್ದಳು.

ಬಸ್ಸು ಹೀಥ್ರೋ ವಿಮಾನ ನಿಲ್ದಾಣವನ್ನು ಸುತ್ತಿಕೊಂಡು ಹೋಗುತ್ತದೆ. ಸುಮಾರು ಒಂದು ತಾಸಿನ ದಾರಿ. ಜೂನ್ ಎಂದರೂ ಜಿಟಿಜಿಟಿ ಮಳೆ, ಸ್ವೆಟರ್ ತೆಗೆಯುವ ಹಾಗಿರಲಿಲ್ಲ. ವಿಮಾನಗಳು ಬಸ್ಸಿನ ನೆತ್ತಿಯನ್ನು ಸವರುವಂತೆ ಇಳಿಯುತ್ತಿದ್ದವು.

"ಕಪ್ಪಿ ನೋಡಾಕ ಇಳಕಲ್ ಸೀರಿ ಉಟ್ಟು ಹೊಂಟೀನ್ರಿ, ಬೀಗರ. ಊರಾಗ ಹೇಳಿದ್ರ ನಗತಾರ" ಎಂದರು ಗಂಗಕ್ಕ.

"ಇಟ್ಸ್ ನಾಟ್ ಜಸ್ಟ್ ಎನಿ ಕಪ್ಪೆ, ಅಜ್ಜಿ" ಎಂದಳು ಅನಘಾ.

"ಹೌದವಾ, ಅದಕ್ಕ ಮೆಂತೆ ಚಪಾತಿನೂ ಕಟ್ಟೀನಿ. ತಿಂತದೇನು ಕೇಳು ನಿಮ್ಮ ಟೀಚರ್‌ನ."

ಕಪ್ಪೆ ಇದ್ದದ್ದು ಅಕ್ಸ್‌ಬ್ರಿಡ್ಜಿನಲ್ಲಿ, ಅನಘಾಳ ಟೀಚರ್ ಮನೆಯಲ್ಲಿ. ಆಕೆ ಹಿತ್ತಲಿನ ಮರದ ಶೆಡ್ಡಿನಲ್ಲಿ ಗಾಜಿನ ತೊಟ್ಟಿಗಳನ್ನಿಟ್ಟು ಈ ಕಪ್ಪೆಗಳನ್ನು ಸಾಕುತ್ತಿದ್ದರು. ಮರಿಗಳು ಬೆಳೆದ ಮೇಲೆ ಅವುಗಳ ಸ್ವಂತ ಊರಿಗೆ ಕಳಿಸುತ್ತಿದ್ದರಂತೆ. ಆ ಊರು ಸ್ಪೇನ್ ದೇಶಕ್ಕೆ ಸೇರಿದ ಮಜೋರ್ಕಾ ಎಂಬ ದ್ವೀಪ. ಬೇರೆಲ್ಲೂ ಈ ಕಪ್ಪೆ ಇಲ್ಲ. ಹಿಂದೆ ಜನ ಹಡಗಿನಲ್ಲಿ ಬಂದಾಗ ಹಾವುಗಳೂ ಬಂದವು, ಕಪ್ಪೆಗಳನ್ನು ತಿಂದವು. ಹಾವು ಹತ್ತಲಾರದ ಬಂಡೆಗಳ ಇರುಕಿನಲ್ಲಿ ಕೆಲವು ಮಾತ್ರ ಉಳಿದುಕೊಂಡವು. ಆ ಕುಲವೇ ಅಳಿದುಹೋಯಿತೆಂದು ಓದಿದವರೆಲ್ಲ ನಂಬಿದ್ದ ಕಾಲವೂ ಇತ್ತಂತೆ.

ಆ ವರ್ಷ ಟೀಚರ್ ಬಳಿ ಒಂದೇ ಒಂದು ಕಪ್ಪೆ ಮೊಟ್ಟೆ ಹೊತ್ತಿತ್ತು. ಗೊದಮೊಟ್ಟೆಗಳು ಹೊರಬಂದರೆ ತರಗತಿಗೆ ತಂದು ಮಕ್ಕಳ ಕೈಯಲ್ಲೇ ಬೆಳೆಸುವುದಾಗಿ ಆಕೆ ಮಾತು ಕೊಟ್ಟಿದ್ದರು. ಅನಘಾ ತಿಂಗಳಿಂದ ಅದೇ ಧ್ಯಾನದಲ್ಲಿದ್ದಳು. ನಮ್ಮನ್ನು ಕರೆದುಕೊಂಡು ಬರಲು ಅಪ್ಪಣೆ ಕೇಳಿದವಳೂ ಅವಳೇ.

ಶೆಡ್ಡಿನೊಳಗೆ ತಂಪಾಗಿತ್ತು, ಒದ್ದೆ ಮಣ್ಣಿನ ವಾಸನೆ. ಎಲ್ಲಿಂದಲೋ ಟಿಣ್, ಟಿಣ್ ಎಂದು ಅಕ್ಕಸಾಲಿಗನ ಸಣ್ಣ ಸುತ್ತಿಗೆಯಂಥ ಸದ್ದು. ಅದೇ ಕಪ್ಪೆಯ ಕೂಗು ಎಂದಳು ಅನಘಾ. ಟೀಚರ್ ತೊಟ್ಟಿಯ ಮುಚ್ಚಳ ತೆಗೆದು, ಒಂದು ಹೆಂಚಿನ ಚೂರನ್ನು ಮೆಲ್ಲಗೆ ಎತ್ತಿದರು. ಹೆಬ್ಬೆರಳಿನ ತುದಿಯಷ್ಟೇ ದೊಡ್ಡ ಕಪ್ಪೆ. ಹಸಿರು ಕಲೆಗಳು, ಮೈಗಿಂತ ದೊಡ್ಡದಾಗಿ ಕಾಣುವ ಕಣ್ಣು. ಹಿಂಗಾಲುಗಳಿಗೆ ಸಾಬಕ್ಕಿ ಪೋಣಿಸಿ ಸುತ್ತಿದಂತೆ ಮೊಟ್ಟೆಯ ಸರ.

"ಹೀ ಈಸ್ ದ ಡ್ಯಾಡಿ" ಎಂದು ಅನಘಾ ಪಿಸುಗುಟ್ಟಿದಳು. ತಾಯಿ ಮೊಟ್ಟೆ ಇಟ್ಟು ಹೋಗುತ್ತಾಳಂತೆ. ತಂದೆಯೇ ಅವನ್ನು ಕಾಲಿಗೆ ಸುತ್ತಿಕೊಂಡು, ಒಣಗದಂತೆ ನೋಡಿಕೊಂಡು, ಬಲಿತ ದಿನ ನೀರಿಗೆ ಹೋಗಿ ಬಿಡುತ್ತಾನಂತೆ.

"ಯವ್ವಾ, ಬಾಣಂತಿ ಗಂಡಸು ನೋಡ್ರಿ" ಎಂದರು ಗಂಗಕ್ಕ. ಅವರ ಕಣ್ಣು ತುಂಬಿತ್ತು. "ಯಾರ ಕಣ್ಣೂ ತಾಗದಿರಲಿ ಇದಕ್ಕ."

ಹಾಗೆಂದವರೇ ಎರಡೂ ಕೈಗಳನ್ನು ತೊಟ್ಟಿಯ ಮೇಲೆ ಚಾಚಿ ನಿವಾಳಿಸಿ, ಕಣತಲೆಗೆ ಒತ್ತಿ ನೆಟಿಕೆ ಮುರಿದರು. ಹತ್ತು ಬೆರಳೂ ಚಟಪಟ ಎಂದವು. ಕಪ್ಪೆ ನೆಗೆದು ಗಾಜಿಗೆ ಬಡಿಯಿತು, ಅಲ್ಲಿಂದ ಮೂಲೆಗೆ ತೆವಳಿತು. ಮೊಟ್ಟೆಯ ಸರ ಕಲ್ಲಿನ ಮೇಲೆ ಬಿದ್ದಿತ್ತು.

ಮಕ್ಕಳೇ, ಅವರನ್ನು ದೂರಬೇಡಿ. ನನ್ನ ಕೈಗಳೂ ಅರ್ಧಕ್ಕೆ ಎದ್ದಿದ್ದವು. ನಮ್ಮಲ್ಲಿ ತೊಟ್ಟಿಲ ಕೂಸನ್ನು ನೋಡಿ ಯಾವ ಹೆಂಗಸು ಹಾಗೆ ಮಾಡುವುದಿಲ್ಲ?

ಟೀಚರ್ ಗದರಲಿಲ್ಲ. ಒದ್ದೆ ಚಮಚದಲ್ಲಿ ಸರವನ್ನು ಎತ್ತಿ, ಪಾಚಿ ಹಾಸಿದ ಬಟ್ಟಲಿನಲ್ಲಿಟ್ಟು ಏನೋ ಹೇಳಿದರು.

"ಏನಂದ್ರವಾ?"

"ಟೂ ಅರ್ಲಿ" ಎಂದಳು ಅನಘಾ. ನಮ್ಮತ್ತ ತಿರುಗಲಿಲ್ಲ. "ಇನ್ನೂ ರೆಡಿ ಇರಲಿಲ್ಲ ಅಂತೆ. ಹೆದರಿದರೆ ಅವನು ಬಿಟ್ಟುಬಿಡ್ತಾನೆ."

"ಮತ್ತ ಕಾಲಿಗೆ ಕಟ್ಟಾಕ ಬರೂದಿಲ್ಲೇನು?"

"ನೋ, ಅಜ್ಜಿ."

ಗಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಚಲೋ ಆಗ್ಲಿ ಅಂತ ಮಾಡೀನವಾ, ನಮ್ಮವ್ವನ ಆಣಿ."

"ಐ ನೋ" ಎಂದಳು ಅನಘಾ. ಅವಳ ಕಣ್ಣು ಬಟ್ಟಲಿನ ಮೇಲೆಯೇ ಇತ್ತು. ಆದರೂ ಅಜ್ಜಿಯ ಸೊಂಟವನ್ನು ತಬ್ಬಿಕೊಂಡಳು. ನನಗೆ ಟೀಚರಿಗೆ ಹೇಳಬೇಕೆನಿಸಿದ್ದು ಬಹಳ. ಬಂದದ್ದು ಸಾರಿ ಎಂಬ ಒಂದೇ ಮಾತು. ಆಕೆ ನನ್ನ ಭುಜ ತಟ್ಟಿ ಚಹಾ ಮಾಡಲು ಹೋದರು.

ಬಟ್ಟಲಿನ ಮೊಟ್ಟೆಗಳು ಉಳಿಯಲಿಲ್ಲ. ವಾರದೊಳಗೆ ಬೆಳ್ಳಗೆ ಬೂಸ್ಟು ಹಿಡಿದವೆಂದು ಟೀಚರ್ ಫೋನಿನಲ್ಲಿ ತಿಳಿಸಿದರು. ಆ ವರ್ಷ ಅಕ್ಸ್‌ಬ್ರಿಡ್ಜಿನಿಂದ ದ್ವೀಪಕ್ಕೆ ಮರಿಗಳು ಹೋಗಲಿಲ್ಲ.

ಅಂದು ಹೊರಡುವಾಗ ನಾನೊಬ್ಬಳೇ ಶೆಡ್ಡಿನ ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಕಪ್ಪೆ ಹೆಂಚಿನ ಕಡೆಗೆ ಮರಳುತ್ತಿತ್ತು. ಕಾಲಲ್ಲಿ ಏನೂ ಇರಲಿಲ್ಲ. ಆದರೂ ಹಿಂಗಾಲುಗಳನ್ನು ಅಗಲಿಸಿ, ಯಾವುದೂ ಕಲ್ಲಿಗೆ ಉಜ್ಜದಂತೆ, ಒಂದೊಂದೇ ಹೆಜ್ಜೆ ಎತ್ತಿಡುತ್ತಿತ್ತು.