ಕಣ್ಣಾರೆ ಕಂಡವಳು

ಔಷಧ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸ ಲೇಖನಗಳನ್ನು ಜರಡಿ ಹಿಡಿಯುವುದು. ಒಂದು ಮಾತ್ರೆಯ ಬಗ್ಗೆ ರಾಶಿ ಲೇಖನ ಬಂದರೆ ಪ್ರಯೋಗ ಮಾಡಿದವರು ಯಾರು, ಅದರಿಂದ ಯಾರಿಗೆ ಲಾಭ, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದದ್ದೆಷ್ಟು ಎಂದು ಬೆನ್ನು ಹತ್ತುತ್ತಿದ್ದಳು. ಕೊನೆಗೆ ನಿಲ್ಲುತ್ತಿದ್ದುದು ಎರಡೋ ಮೂರೋ. "ಜರಡಿಯಕ್ಕನಿಗೆ ಕಾಫಿ ಬಿಸಿ ಇದೆ ಅಂದ್ರೂ ಸಾಕ್ಷಿ ಬೇಕು" ಎಂದು ಜೊತೆಯವರು ಕಾಡಿಸುತ್ತಿದ್ದರು.

ಆ ಸಂಜೆ ಬಸ್ಸಿಳಿದಾಗ ಬೀದಿಯ ತಿರುವಿನಲ್ಲಿ ಜನ ಒಬ್ಬ ವ್ಯಾನ್ ಚಾಲಕನನ್ನು ಬಡಿಯುತ್ತಿದ್ದರು. ಅವನ ಮುಂದಿನ ಹಲ್ಲುಗಳು ಉದುರಿದ್ದವು. ನಡುವೆ ಅವಳ ತಮ್ಮ, ಕೈಗೆ ಬೆಲ್ಟು ಸುತ್ತಿಕೊಂಡು ನಿಂತಿದ್ದ.

"ಮಗು ಮೇಲೆ ಗಾಡಿ ಹತ್ತಿಸಿದಾನೆ ಅಕ್ಕಾ! ನೀನು ಆಚೆ ಹೋಗು!"

"ನೀನು ನೋಡಿದ್ಯಾ?"

"ಪೇಂಟರ್ ನೋಡಿದಾನೆ!"

ಅದೇ ಬೀದಿಯ ಪೇಂಟರ್ ಚಾಲಕನ ಬೆರಳುಗಳನ್ನು ಬೂಟಿನಡಿ ಹೊಸಕುತ್ತಿದ್ದ. ಅವಳು ಅವನ ಅಂಗಿ ಹಿಡಿದು ಎಳೆದಳು.

"ನಾನೆಲ್ಲಿ ನೋಡ್ದೆ? ನಿನ್ನ ತಮ್ಮನೇ ಕೂಗಿದ್ದು!"

"ನಿಲ್ಸ್ರೋ! ಯಾರೂ ನೋಡಿಲ್ಲ!" ಎಂದು ಅರಚಿದಳು. ತಮ್ಮನತ್ತ ಕೈ ಚಾಚಿದಾಗ ಯಾರದೋ ಮೊಣಕೈ ಬಡಿದು ಅವಳ ತುಟಿ ಸೀಳಿತು. ತಮ್ಮನ ಬೆಲ್ಟಿನ ಬಕಲ್ ಚಾಲಕನ ಕಣ್ಣಿಗೆ ಬಿತ್ತು, ಮತ್ತೆ ಕಿವಿಯ ಹಿಂದಕ್ಕೆ. ಆಮೇಲೆ ಅವನು ನರಳಲಿಲ್ಲ.

ಅಸಲಿಗೆ ಮಗು ಮನೆಯ ಮೆಟ್ಟಿಲಿನಿಂದ ಜಾರಿ ಬಿದ್ದಿತ್ತು. ಅದರ ಅಜ್ಜಿ ಆಗಲೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಳು. ಹಣೆಗೆ ಹೊಲಿಗೆ ಹಾಕಿಸಿಕೊಂಡು ಮಗು ಮನೆಗೆ ಬಂತು. ಚಾಲಕನ ಮನೆಗೆ ಹೆಣ ಬಂತು.

ಮರುದಿನ ಪೊಲೀಸರು ಅವಳನ್ನು ಠಾಣೆಗೆ ಕರೆದರು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಗುಂಪಲ್ಲಿ ಏನೂ ಕಾಣ್ಲಿಲ್ಲ ಅನ್ನು. ನಿನ್ನ ಸೊಂಟದ ಮೇಲೆ ಬೆಳೆದೋನು ಕಣೇ ಅವನು."

ತಮ್ಮ ಅವಳ ಜಡೆಗೆ ಕೈಹಾಕಿ ತಲೆಯನ್ನು ಗೋಡೆಗೆ ಅಪ್ಪಳಿಸಿದ. "ಎಲ್ಲದರ ಮೇಲೂ ಅನುಮಾನ ಅಲ್ವಾ ನಿಂಗೆ? ನಿನ್ನ ಕಣ್ಣಿನ ಮೇಲೂ ಸ್ವಲ್ಪ ಇಟ್ಕೋ!"

ಕಿವಿ ಗುಂಯ್‌ಗುಟ್ಟುತ್ತಿತ್ತು. ಅವಳು ಆ ಅನುಮಾನವನ್ನೂ ಇಟ್ಟುಕೊಂಡೇ ನೋಡಿದಳು. ಬೆಳಕಿತ್ತೇ? ಬಿಸಿಲು ಇನ್ನೂ ಆರಿರಲಿಲ್ಲ. ಯಾರಾದರೂ ಹೇಳಿಕೊಟ್ಟರೇ? ಇಲ್ಲ. ಹೀಗೆ ಹೇಳುವುದರಿಂದ ತನಗೇನಾದರೂ ಲಾಭವೇ? ತಮ್ಮನ ಮುಖ ನೋಡಿದಳು. ಸಣ್ಣವನಿದ್ದಾಗ ಗುಡುಗಿಗೆ ಹೆದರಿ ಅವಳ ಹೊದಿಕೆಯೊಳಗೆ ನುಸುಳುತ್ತಿದ್ದ ಮುಖ ಅದು. ಈಗಲೂ ಹೆದರಿತ್ತು.

ಅಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಟಳು.

ಠಾಣೆಯಲ್ಲಿ ಅಧಿಕಾರಿ ಅವಳ ಊದಿದ ತುಟಿಯನ್ನೇ ನೋಡುತ್ತಾ ಕೇಳಿದ. "ಬೆಲ್ಟಲ್ಲಿ ಹೊಡೆದೋನನ್ನ ಎಷ್ಟು ದೂರದಿಂದ ನೋಡಿದ್ರಮ್ಮ?"

"ಕೈ ಚಾಚಿದ್ರೆ ಸಿಗೋಷ್ಟು. ಚಾಚಿದೆ ಸಾರ್. ಸಿಗಲಿಲ್ಲ."

"ಹೆಸರು ಗೊತ್ತಾ?"

ಅವಳು ತಮ್ಮನ ಹೆಸರು ಹೇಳಿದಳು.